ಒದ್ದೆ ಕೈಯ ಪರೀಕ್ಷೆ

ಕಳೆದ ವಾರ ಗೆಳೆಯನೊಬ್ಬ ಒಂದು ಪಟ್ಟಿ ಕಳಿಸಿದ. ಅವನ ಅಪ್ಪ ಅಮ್ಮ ಇರುವುದು ಮಕ್ಕಂದೂರಿನ ಕಡೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರಿದಾಗ ಅವರು ಉಟ್ಟ ಬಟ್ಟೆಯಲ್ಲೇ ಮನೆ ಬಿಟ್ಟು ಹೊರಟವರು. ಆಮೇಲೆ ಪ್ರತಿ ಮಳೆಗಾಲಕ್ಕೂ ಮುಂಚೆ ಅವನಿಗೆ ನಿದ್ದೆ ಹತ್ತುವುದಿಲ್ಲ. ಈ ಸಲ ಆಪತ್ತಿಗೆ ಬೇಕಾದ ಸಾಮಾನನ್ನೆಲ್ಲ ಒಂದೇ ಚೀಲದಲ್ಲಿ ತುಂಬಿ ಊರಿಗೆ ಕಳಿಸಬೇಕು ಎಂದು ಹಠ ಹಿಡಿದು, ಮೂವತ್ತೊಂದು ಸಾಮಾನುಗಳ ಪಟ್ಟಿ ಮಾಡಿದ್ದ. "ಏನು ಬಿಟ್ಟುಹೋಗಿದೆ ನೋಡು" ಎಂದು ಕೇಳಿದ್ದ. ನಾನು ಮೊದಲನೆಯ ಸಾಲಿನಲ್ಲೇ ನಿಂತುಬಿಟ್ಟೆ. ಸಾವಿರದ ಇನ್ನೂರು ಲ್ಯುಮೆನ್ ಬೆಳಕಿನ, ಐದು ಬಗೆಯಲ್ಲಿ ಉರಿಯುವ, ನೀರಿಗೆ ಬಿದ್ದರೂ ಕೆಡದ ಟಾರ್ಚು. ಹೆಚ್ಚುಕಡಿಮೆ ಅಂಥದ್ದೇ ಒಂದನ್ನು ನಾನು 2019ರಲ್ಲಿ ಕಳಸದ ಹತ್ತಿರದ ನಮ್ಮ ಮನೆಗೆ ಕಳಿಸಿದ್ದೆ. ಅದು ಆ ವರ್ಷ ಏನು ಮಾಡಿತು ಎಂಬುದನ್ನು ಅವನಿಗೆ ಫೋನಿನಲ್ಲಿ ಹೇಳಲು ಹೋದೆ, ಸರಿಯಾಗಿ ಹೇಳಲಾಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಟಾರ್ಚಿಗೆ ನಮ್ಮ ಕಡೆ ಬ್ಯಾಟರಿ ಎನ್ನುತ್ತಾರೆ. ಅದರೊಳಗೆ ಹಾಕುವುದಕ್ಕೆ ಸೆಲ್ಲು. ಮುಂದೆ ಓದುವಾಗ ಇದು ನೆನಪಿರಲಿ.

ಆಶ್ಲೇಷದ ಆ ರಾತ್ರಿ

ಆ ವರ್ಷ ಜುಲೈ ಮುಗಿಯುವವರೆಗೂ ಮಳೆ ಹದವಾಗಿಯೇ ಇತ್ತು. ಆಶ್ಲೇಷ ಹೊಕ್ಕ ಮೇಲೆ ಹಿಡಿದದ್ದು ಬಿಡಲಿಲ್ಲ. ಭದ್ರೆ ತುಂಬಿ ಕಳಸದಿಂದ ಹೊರನಾಡಿಗೆ ಹೋಗುವ ದಾರಿಯ ಹೆಬ್ಬಾಳೆ ಸೇತುವೆ ಮುಳುಗಿತು, ಇಳಿಯಿತು, ಮತ್ತೆ ಮುಳುಗಿತು. ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ರಸ್ತೆಗೆ ಬಿದ್ದು ಸಂಚಾರ ನಿಂತಿತು. ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಯಲ್ಲಿ ಮನೆ ತೋಟಗಳೇ ಕೊಚ್ಚಿಹೋದವು. ನಮ್ಮ ಮನೆಯಲ್ಲಿ ಕರೆಂಟು ಹೋಗಿ ಮೂರು ದಿನವಾಗಿತ್ತು. ಮೊಬೈಲ್ ಗೋಪುರಕ್ಕೆ ಡೀಸೆಲ್ ಮುಗಿದು ಸಿಗ್ನಲ್ ಸತ್ತಿತ್ತು. ಸ್ಥಿರ ದೂರವಾಣಿಯ ತಂತಿ ಎಲ್ಲೋ ಮರದಡಿ ಸಿಕ್ಕಿಕೊಂಡಿತ್ತು. ನಾನು ಬೆಂಗಳೂರಿನಲ್ಲಿ ಕುಳಿತು, ಉತ್ತರ ಬಾರದ ಎರಡು ನಂಬರುಗಳಿಗೆ ಸರದಿಯಂತೆ ಫೋನು ಮಾಡುತ್ತಿದ್ದೆ.

ಮನೆಯ ಹಿಂದೆ ಒಂದೂವರೆ ಆಳೆತ್ತರದ ಧರೆ, ಎಂದರೆ ಗುಡ್ಡದ ಕಡಿದಾದ ಮಣ್ಣಿನ ಬದಿ, ಇದೆ. ರಾತ್ರಿ ಒಂದು ಗಂಟೆಯ ಹೊತ್ತಿಗೆ ಅದು ಜಾರಿತು. ದೊಡ್ಡ ಸದ್ದೇನೂ ಆಗಲಿಲ್ಲವಂತೆ. ಅಟ್ಟದಿಂದ ಅಡಿಕೆ ಮೂಟೆ ದೂಡಿದ ಹಾಗಿತ್ತು ಎಂದು ಅಮ್ಮ ಹೇಳುತ್ತಾಳೆ. ಹಿಂದಿನ ಕೋಣೆಯ ಬಾಗಿಲು ಒಳಕ್ಕೆ ಬಾಗಿ, ಅದರಡಿಯಿಂದ ಕೆಂಪು ಕೆಸರು ನಡುಮನೆಗೆ ಹರಿದು ಬರುತ್ತಿತ್ತು. ಕೊಟ್ಟಿಗೆಯಲ್ಲಿ ಎರಡು ದನ, ಒಂದು ಕರು. ಅಪ್ಪನಿಗೆ ಕನ್ನಡಕವಿಲ್ಲದೆ ಮೆಟ್ಟಿಲು ಕಾಣುವುದಿಲ್ಲ, ಕನ್ನಡಕವಿದ್ದದ್ದು ಹಿಂದಿನ ಕೋಣೆಯ ಕಿಟಕಿಯಲ್ಲಿ. ದನ ಬಿಚ್ಚಲು ಅಮ್ಮನೇ ಹೊರಟಳು. ನಾನು ಕಳಿಸಿದ್ದ ಬ್ಯಾಟರಿಯನ್ನು ತಲೆದಿಂಬಿನ ಪಕ್ಕದಲ್ಲೇ ಇಟ್ಟುಕೊಂಡಿದ್ದಳು. ಮಗ ದುಡ್ಡು ಕೊಟ್ಟು ಕಳಿಸಿದ್ದು, ದೊಡ್ಡ ಮಳೆಗೆ ಬೇಕಾಗುತ್ತದೆ ಎಂದು ಅಷ್ಟು ದಿನ ಅದನ್ನು ಬಳಸದೆ ಉಳಿಸಿದ್ದಳು.

ಆ ಬ್ಯಾಟರಿಗೆ ಇದ್ದದ್ದು ಒಂದೇ ಗುಂಡಿ. ಒಮ್ಮೆ ಒತ್ತಿದರೆ ಹೊತ್ತುತ್ತದೆ, ಹಿಡಿದೇ ಇದ್ದರೆ ಬೆಳಕು ಏರುತ್ತಾ ಇಳಿಯುತ್ತಾ ಹೋಗುತ್ತದೆ, ಎರಡು ಸಲ ಬೇಗ ಒತ್ತಿದರೆ ಪೂರ್ಣ ಬೆಳಕು, ಮೂರು ಸಲ ಒತ್ತಿದರೆ ಪಟಪಟನೆ ಮಿನುಗುತ್ತದೆ, ನಾಲ್ಕು ಸಲ ಒತ್ತಿದರೆ ಬೀಗ. ಚೀಲದಲ್ಲಿರುವಾಗ ತಾನಾಗಿ ಹೊತ್ತಿಕೊಳ್ಳಬಾರದೆಂದು ಆ ಬೀಗ. ಅರವತ್ತೆಂಟು ವರ್ಷದ, ಎಮ್ಮೆ ದನ ಕರೆದು ಹೆಬ್ಬೆರಳು ದಪ್ಪಗಾದ ಹೆಂಗಸು, ಮಳೆಯಲ್ಲಿ, ಗಾಬರಿಯಲ್ಲಿ ಆ ಗುಂಡಿ ಒತ್ತಿದಳು. ಕೊಟ್ಟಿಗೆಯ ಬಾಗಿಲಿಗೆ ಹೋಗುವಷ್ಟರಲ್ಲಿ ಬೆಳಕು ಮಿನುಗಲು ಹಿಡಿಯಿತು. ಆ ಬಿಳಿ ಮಿಂಚಿಗೆ ದನ ಬೆದರಿ ಗೂಟಕ್ಕೆ ಸುತ್ತಿಕೊಂಡಿತು. ನಿಲ್ಲಿಸಲು ಮತ್ತೆ ಮತ್ತೆ ಒತ್ತಿದಳು, ಬೀಗ ಬಿತ್ತು. ಕತ್ತಲೆ. ಅದನ್ನು ಅಲ್ಲೇ ಸಗಣಿಗುಂಡಿಯ ಕಡೆ ಎಸೆದು, ಜಗಲಿಗೆ ವಾಪಸು ಬಂದು, ಕಂಬದ ಮೊಳೆಗೆ ನೇತುಹಾಕಿದ್ದ ಅಪ್ಪನ ಹಳೆಯ ಎರಡು ಸೆಲ್ಲಿನ ತಗಡಿನ ಬ್ಯಾಟರಿ ತೆಗೆದುಕೊಂಡಳು. ಸಂಜೆ ಹಾಲು ಕರೆಯಲು ದಿನವೂ ಹಿಡಿದು ಹೋಗುತ್ತಿದ್ದದ್ದು ಅದನ್ನೇ. ಹೆಬ್ಬೆರಳಿನಿಂದ ಮುಂದಕ್ಕೆ ದೂಡಿದರೆ ಬೆಳಕು, ಹಿಂದಕ್ಕೆ ಎಳೆದರೆ ಕತ್ತಲೆ. ಅದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ನೆನೆದು ಬಿಗಿದ ಕಣ್ಣಿಯ ಗಂಟು ಬಿಚ್ಚಲಾಗದೆ, ಬಾಗಿಲ ಸಂದಿನಲ್ಲಿದ್ದ ಕತ್ತಿಯಿಂದ ಕೊಯ್ದು, ಮೂರನ್ನೂ ಹೊರಗೆ ಅಟ್ಟಿದಳು. ಆಮೇಲೆ ಅಪ್ಪನ ಕೈ ಹಿಡಿದು ಗದ್ದೆಯಂಚಿನ ದಾರಿಯಲ್ಲಿ ಪಕ್ಕದ ಮನೆ ಸೇರಿದಳು. ಬೆಳಗ್ಗೆ ನೋಡಿದರೆ ಕೊಟ್ಟಿಗೆಯ ಹಿಂಗೋಡೆ ಇರಲಿಲ್ಲ.

ನನಗೆ ಸುದ್ದಿ ಬಂದದ್ದು ಮೂರನೆಯ ದಿನ, ಊರಿನ ಹುಡುಗನೊಬ್ಬ ಸಿಗ್ನಲ್ ಸಿಗುವ ಗುಡ್ಡ ಹತ್ತಿ ಫೋನು ಮಾಡಿದಾಗ. ಅಮ್ಮ ಮೊದಲು ಹೇಳಿದ್ದು ಧರೆಯ ವಿಷಯವನ್ನಲ್ಲ. "ನೀನು ಕಳಿಸಿದ ಬ್ಯಾಟರಿ ನನ್ನ ಕೈಯಲ್ಲಿ ಹಾಳಾಯಿತು ಮಗಾ, ಬೇಜಾರು ಮಾಡಿಕೊಳ್ಳಬೇಡ" ಎಂದಳು. ಆ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಬ್ಯಾಟರಿ ಹಾಳಾಗಿರಲಿಲ್ಲ. ಆರಿಸಿದವನು ತಪ್ಪಿದ್ದ. ಅದನ್ನು ಕೊಳ್ಳುವಾಗ ನಾನು ನನ್ನ ಕೈಯನ್ನು, ನನ್ನ ಕಣ್ಣನ್ನು, ಅಂಗಡಿಯ ವಿವರಣೆಯನ್ನು ಓದಬಲ್ಲ ನನ್ನ ಬಿಡುವನ್ನು ಲೆಕ್ಕಕ್ಕೆ ಹಿಡಿದಿದ್ದೆ. ಆಪತ್ತು ಬಂದ ರಾತ್ರಿ ಅಲ್ಲಿ ನಾನು ಇರಲಿಲ್ಲ.

ಬಕೆಟ್ಟಿನಲ್ಲಿ ಕೈ ಅದ್ದಿ

ಸೆಪ್ಟೆಂಬರ್‌ನಲ್ಲಿ ಗೌರಿಹಬ್ಬಕ್ಕೆ ಹೋದಾಗ ನನ್ನ ಚೀಲದಲ್ಲಿ ಆರು ಬಗೆಯ ದೀಪಗಳಿದ್ದವು. ಕೆಲವು ಕೊಂಡದ್ದು, ಕೆಲವು ಚಾರಣಕ್ಕೆ ಹೋಗುವ ಗೆಳೆಯರಿಂದ ಎರವಲು ತಂದದ್ದು. ರಾತ್ರಿ ಊಟವಾದ ಮೇಲೆ ಮನೆಯ ದೀಪವನ್ನೆಲ್ಲ ಆರಿಸಿ, ಬಚ್ಚಲಿನಿಂದ ಒಂದು ಬಕೆಟ್ ನೀರು ತಂದಿಟ್ಟು, "ಅಮ್ಮಾ, ಕೈ ಅದ್ದಿಕೋ. ಈಗ ಒಂದೊಂದನ್ನೇ ಹೊತ್ತಿಸು" ಎಂದೆ. ನಾನು ಏನನ್ನೂ ವಿವರಿಸಲಿಲ್ಲ. ಅವಳೂ ಕೇಳಲಿಲ್ಲ. ಅಪ್ಪ ಕುರ್ಚಿಯಲ್ಲಿ ಕುಳಿತು ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದರು.

ಹತ್ತು ಎಣಿಸುವುದರೊಳಗೆ ಹೊತ್ತಿದ್ದು ಎರಡೇ. ಒಂದು, ದೂಡುಗುಂಡಿಯ ಎರಡು ಸೆಲ್ಲಿನದು. ಇನ್ನೊಂದು, ನಾನು ಎರವಲು ತಂದಿದ್ದ ತಲೆದೀಪ. ಅದರ ಗುಂಡಿ ಮೇಲೆಯೇ ಇತ್ತು, ನಾಲ್ಕಾಣೆಯಷ್ಟು ಅಗಲ, ಒಂದೇ ಒತ್ತಿಗೆ ಬೆಳಕು. ಅಮ್ಮ ಅದನ್ನು ಕಂಬಳಿಕೊಪ್ಪೆಯ ಮೇಲೆಯೇ ಕಟ್ಟಿಕೊಂಡು ಕೊಟ್ಟಿಗೆಗೆ ಹೋಗಿ, ಕರುವಿನ ಕಣ್ಣಿ ಬಿಚ್ಚಿ, ಮತ್ತೆ ಕಟ್ಟಿ ಬಂದಳು. "ಎರಡು ಕೈಯೂ ಬಿಡುವಾಯಿತು" ಎಂದಳು. ಹಳೆಯದೆಲ್ಲ ಒಳ್ಳೆಯದು, ಹೊಸದೆಲ್ಲ ವ್ಯರ್ಥ ಎಂದು ಮನಸ್ಸಿನಲ್ಲಿ ತೀರ್ಮಾನಿಸಿಕೊಂಡು ಬಂದಿದ್ದ ನನಗೆ ಅದು ಒಳ್ಳೆಯ ಪಾಠ. ತಲೆದೀಪವನ್ನು ಮೊದಲ ಬಾರಿ ಮುಟ್ಟಿದವಳು ಅದನ್ನು ನನಗಿಂತ ಬೇಗ ಅರ್ಥ ಮಾಡಿಕೊಂಡಿದ್ದಳು. ಆ ರಾತ್ರಿ ಅವಳ ಕಂಕುಳು ಮಾಡಿದ ಕೆಲಸ ಅವಳಿಗೆ ನೆನಪಿತ್ತು.

ಪ್ರಖರತೆಯ ಬಗ್ಗೆಯೂ ಅಂದು ಒಂದು ವಿಷಯ ತಿಳಿಯಿತು. ಮಲೆನಾಡಿನ ಮಂಜಿನಲ್ಲಿ, ಜಡಿಮಳೆಯಲ್ಲಿ ಬೆಳಕು ಹೆಚ್ಚಾದಷ್ಟೂ ಹನಿಗಳಿಗೆ ತಾಗಿ ಕಣ್ಣಿಗೇ ಮರಳುತ್ತದೆ. ಎದುರಿಗೆ ಬಿಳಿ ಗೋಡೆ ನಿಂತಂತಾಗಿ ಕಾಲಡಿಯ ಕಲ್ಲು ಕಾಣುವುದಿಲ್ಲ. ಸೊಂಟದ ಎತ್ತರದಲ್ಲಿ ಹಿಡಿದ ಸಾಧಾರಣ ಬೆಳಕು ದಾರಿ ತೋರಿಸುತ್ತದೆ. ಅಲ್ಲದೆ ಸಾವಿರದ ಮೇಲಿನ ಲ್ಯುಮೆನ್ ಎಂಬುದು ಸಣ್ಣ ಟಾರ್ಚುಗಳಲ್ಲಿ ಕೆಲವೇ ನಿಮಿಷದ ಮಾತು. ಬಿಸಿಯೇರಿದ ಕೂಡಲೇ ಅದು ತಾನಾಗಿ ಮಂಕಾಗುತ್ತದೆ, ಅದನ್ನು ಹಾಗೆಯೇ ಮಾಡಿರುತ್ತಾರೆ. ಇನ್ನು ಸೆಲ್ಲು. ನಾನು ಕಳಿಸಿದ್ದರಲ್ಲಿ ಇದ್ದದ್ದು ಚಾರ್ಜ್ ಮಾಡುವ ಲಿಥಿಯಂ ಸೆಲ್ಲು. ಕರೆಂಟಿಲ್ಲದ ಮನೆಯಲ್ಲಿ ಅದು ಮುಗಿದರೆ ಮುಗಿಯಿತು, ಊರಿನ ಅಂಗಡಿಯಲ್ಲಿ ಸಿಗುವುದಿಲ್ಲ. ಗಡಿಯಾರಕ್ಕೆ, ರೇಡಿಯೋಗೆ ಹಾಕುವ ಪೆನ್ಸಿಲ್ ಸೆಲ್ಲಾದರೆ ಉಪ್ಪು ಬೆಂಕಿಪೊಟ್ಟಣ ಮಾರುವ ಗೂಡಂಗಡಿಯಲ್ಲೂ ಇರುತ್ತದೆ. ಈಗ ನಾನು ಯಾವ ಸಾಧನ ಕೊಳ್ಳುವುದಿದ್ದರೂ ಮೊದಲು ಕೇಳುವುದು ಅದು ತಿನ್ನುವ ಸೆಲ್ಲು ನಡೆದು ಹೋಗುವಷ್ಟು ದೂರದ ಅಂಗಡಿಯಲ್ಲಿ ಸಿಗುತ್ತದೆಯೇ ಎಂದು. ಅಪ್ಪನ ರೇಡಿಯೋ, ಅಮ್ಮನ ತಲೆದೀಪ, ಗೋಡೆಯ ಗಡಿಯಾರ ಮೂರಕ್ಕೂ ಈಗ ಒಂದೇ ಸೆಲ್ಲು. ತೀರಾ ಬೇಕಾದರೆ ಗಡಿಯಾರ ನಿಲ್ಲಿಸಬಹುದು.

ಬಳಸದೆ ಎತ್ತಿಟ್ಟ ಸಾಮಾನಿನ ಇನ್ನೊಂದು ಕಷ್ಟವೂ ಇದೆ. ಸೆಲ್ಲು ಹಾಕಿಯೇ ವರ್ಷಗಟ್ಟಲೆ ಬಿಟ್ಟರೆ ಅದು ಸೋರಿ, ಒಳಗೆಲ್ಲ ಬಿಳಿ ಉಪ್ಪಿನಂಥದ್ದು ಹಿಡಿದು ಸ್ಪ್ರಿಂಗು ತಿಂದುಹೋಗುತ್ತದೆ. ಕಂಬದ ಮೊಳೆಯಲ್ಲಿ ನೇತಾಡುತ್ತಾ ದಿನವೂ ಕೊಟ್ಟಿಗೆಗೆ ಹೋಗಿ ಬರುವ ಬ್ಯಾಟರಿಗೆ ಅದು ಆಗುವುದಿಲ್ಲ. ಬೆಳಕು ಕೆಂಪಾದ ದಿನವೇ ಗೊತ್ತಾಗಿ ಸೆಲ್ಲು ಬದಲಾಗಿರುತ್ತದೆ. ಅಮ್ಮನಿಗೆ ನಾನು ಈಗ ಮತ್ತೆ ಮತ್ತೆ ಹೇಳುವುದು ಇದೊಂದೇ: ಉಳಿಸಬೇಡ, ಬಳಸು.

ಹಿಂದಿನ ಕೋಣೆಯ ಟ್ರಂಕು

2019ಕ್ಕೆ ಮೊದಲೂ ಮನೆಯಲ್ಲಿ ತಯಾರಿ ಇರಲಿಲ್ಲ ಎಂದಲ್ಲ. ಮೃಗಶಿರಕ್ಕೆ ಮೊದಲು ಅಕ್ಕಿ, ಬೆಲ್ಲ, ಉಪ್ಪು ತುಂಬಿಸುವುದು, ಹಪ್ಪಳ ಸಂಡಿಗೆಯ ಡಬ್ಬಿ ಅಟ್ಟಕ್ಕೇರಿಸುವುದು, ಸೌದೆ ಒಟ್ಟುವುದು, ಕಂಬಳಿ ಬಿಸಿಲಿಗೆ ಹಾಕುವುದು, ಚಿಮಣಿಗೆ ಹೊಸ ಬತ್ತಿ ಹಾಕುವುದು ನಮ್ಮಲ್ಲಿ ಯಾರೂ ಹೇಳಿಕೊಡದೆ ನಡೆಯುವ ಕೆಲಸ. ಜಮೀನಿನ ಪತ್ರ, ಪಾಸ್‌ಬುಕ್, ಆಧಾರ್, ಅಪ್ಪನ ರಕ್ತದೊತ್ತಡದ ಮಾತ್ರೆ ಎಲ್ಲ ಒಂದು ಟ್ರಂಕಿನಲ್ಲಿ ಜೋಪಾನವಾಗಿದ್ದವು. ಆದರೆ ಆ ಟ್ರಂಕು ಇದ್ದದ್ದು ಹಿಂದಿನ ಕೋಣೆಯಲ್ಲಿ, ಧರೆಯ ಕಡೆಯ ಗೋಡೆಗೆ ಒತ್ತಿ. ಮನೆಯಲ್ಲಿ ಅತ್ಯಂತ ಭದ್ರವಾದ ಜಾಗ ಅದು ಎಂದು ನಾವೆಲ್ಲ ನಂಬಿದ್ದೆವು, ಏಕೆಂದರೆ ನಮ್ಮ ಲೆಕ್ಕದಲ್ಲಿದ್ದದ್ದು ಕಳ್ಳ. ಕಳ್ಳ ಬರುವುದು ಮುಂಬಾಗಿಲಿನಿಂದ, ಗುಡ್ಡ ಬರುವುದು ಹಿಂದಿನಿಂದ. ಟ್ರಂಕನ್ನು ಅಗೆದು ತೆಗೆಯಲು ಹನ್ನೊಂದು ದಿನ ಬೇಕಾಯಿತು. ಅಷ್ಟು ದಿನ ಅಪ್ಪ ಪಕ್ಕದ ಮನೆಯವರ ಕನ್ನಡಕ ಹಾಕಿಕೊಂಡು, ಅವರದೇ ಮಾತ್ರೆಯ ಹಾಳೆಯ ಹೆಸರು ಹೊಂದುತ್ತದೆಯೇ ಎಂದು ಕಣ್ಣು ಕಿರಿದು ಮಾಡಿ ಓದಲು ನೋಡುತ್ತಿದ್ದರಂತೆ. ಆರಿಸಿದ ಸಾಮಾನಿಗಿಂತ ಅದನ್ನಿಡುವ ಜಾಗ ಮುಖ್ಯವೆಂದು ನನಗೆ ಮನದಟ್ಟಾದದ್ದು ಅದನ್ನು ಕೇಳಿದಾಗ.

ಈಗ ಜಗಲಿಯಲ್ಲಿ, ಚಪ್ಪಲಿ ಬಿಡುವ ಜಾಗದ ಮೇಲೆ ಒಂದು ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ಇದೆ. ಅದರಲ್ಲಿ ಅಪ್ಪನ ಹಳೆಯ ಕನ್ನಡಕ (ನಂಬರು ಸ್ವಲ್ಪ ಕಡಿಮೆ, ಆದರೂ ಮೆಟ್ಟಿಲು ಕಾಣುತ್ತದೆ), ಹದಿನೈದು ದಿನದ ಮಾತ್ರೆ, ವೈದ್ಯರ ಚೀಟಿಯ ಪ್ರತಿ, ಪತ್ರಗಳ ನಕಲು, ಸ್ವಲ್ಪ ಚಿಲ್ಲರೆ ನೋಟು, ಓಆರ್‌ಎಸ್ ಪೊಟ್ಟಣ, ಕಾಗದದ ಮೇಲೆ ದಪ್ಪ ಅಕ್ಷರದಲ್ಲಿ ಬರೆದ ಫೋನ್ ನಂಬರುಗಳು. ಮೊಬೈಲು ಸತ್ತರೆ ಯಾರ ನಂಬರೂ ನಮಗೆ ಬಾಯಿಗೆ ಬರುವುದಿಲ್ಲ ಎಂಬುದನ್ನು ಗಮನಿಸಿದ್ದೀರಾ? 112 ಮತ್ತು ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ 1077 ಆ ಹಾಳೆಯ ಮೇಲ್ತುದಿಯಲ್ಲಿವೆ. ಊರಿನಿಂದ ಹೊರಗಿರುವ ನನ್ನಂಥವರ ಹತ್ತಿರ ಆ ಕೊಠಡಿಯ ಎಸ್‌ಟಿಡಿ ಸಹಿತದ ಸ್ಥಿರ ನಂಬರೂ ಇರಬೇಕು. ಅಮ್ಮನದು ಗುಂಡಿ ಫೋನು. 2016ರ ಕೇಂದ್ರ ಸರ್ಕಾರದ ನಿಯಮದಂತೆ ಇಂಥ ಫೋನುಗಳಲ್ಲಿ 5 ಅಥವಾ 9ರ ಗುಂಡಿ ಒತ್ತಿ ಹಿಡಿದರೆ ತುರ್ತು ಕರೆ ಹೋಗಬೇಕು. ಅವಳ ಫೋನಿನಲ್ಲಿ ಯಾವ ಗುಂಡಿ ಎಂದು ನೋಡಿ, ಅದರ ಮೇಲೆ ಉಗುರುಬಣ್ಣದ ಚುಕ್ಕೆ ಇಟ್ಟಿದ್ದೇನೆ.

ಸೀಟಿಯ ವಿಷಯದಲ್ಲಿ ನಾನು ಸೋತೆ. ಚಾರಣಿಗರೆಲ್ಲ ಸೀಟಿ ಇಟ್ಟುಕೊಳ್ಳಿ ಎನ್ನುತ್ತಾರೆ, ಅದು ಸರಿಯೂ ಹೌದು. ಕೂಗಿ ಕೂಗಿ ಗಂಟಲು ಕಟ್ಟುತ್ತದೆ, ಸೀಟಿಗೆ ಉಸಿರಿದ್ದರೆ ಸಾಕು. ಆಲ್ಪ್ಸ್ ಪರ್ವತದವರ ಹಳೆಯ ಸಂಕೇತದಲ್ಲಿ ನಿಮಿಷಕ್ಕೆ ಆರು ಸಲ ಊದಿ ಒಂದು ನಿಮಿಷ ಬಿಡುವು ಕೊಡುತ್ತಾರೆ, ಕೇಳಿಸಿಕೊಂಡವರು ನಿಮಿಷಕ್ಕೆ ಮೂರು ಸಲ ಉತ್ತರಿಸುತ್ತಾರೆ. ಅಮ್ಮ ಸೀಟಿಯನ್ನು ಬಾಯಿಗೆ ಇಡಲೇ ಇಲ್ಲ. ಹೆಂಗಸರು ಸೀಟಿ ಹೊಡೆಯಬಾರದು ಎಂದು ಅವಳ ಅಮ್ಮ ಹೇಳಿಕೊಟ್ಟಿದ್ದನ್ನು ನಾನು ಒಂದು ಸಂಜೆಯಲ್ಲಿ ತೆಗೆದುಹಾಕಲಾರೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಒಳಗೆ ಹೋಗಿ ದೇವರ ಕೋಣೆಯಿಂದ ಜಾಗಟೆ ತಂದಳು. "ಹೊತ್ತಲ್ಲದ ಹೊತ್ತಿನಲ್ಲಿ ಇದು ಕೇಳಿದರೆ ಯಾರಾದರೂ ಬಾರದೆ ಇರುತ್ತಾರಾ?" ಎಂದಳು. ಪಕ್ಕದ ಮನೆಯವರೊಂದಿಗೆ ಮಾತಾಡಿ ಮೂರು ಪೆಟ್ಟು, ಬಿಡುವು, ಮತ್ತೆ ಮೂರು ಪೆಟ್ಟು ಎಂದು ಗೊತ್ತುಮಾಡಿಕೊಂಡರು. ಹಂಚಿನ ಮೇಲೆ ಮಳೆ ಬಡಿಯುವಾಗಲೂ ಕಂಚಿನ ದನಿ ಗದ್ದೆ ದಾಟುತ್ತದೆ. ಒಮ್ಮೆ ಬಾರಿಸಿ ನೋಡಿದ್ದೇವೆ.

ನೀರಿನ ಮಾತು ಸ್ವಲ್ಪದರಲ್ಲೇ ಮುಗಿಸುತ್ತೇನೆ. ನಮಗೆ ಗುಡ್ಡದ ಅಬ್ಬಿಯಿಂದ ಪೈಪಿನಲ್ಲಿ ನೀರು ಬರುತ್ತದೆ, ಧರೆ ಜಾರಿದಾಗ ಪೈಪೂ ಹೋಯಿತು. ಹುಲ್ಲಿನ ಕೊಳವೆಯಂತೆ ಬಾಯಿಟ್ಟು ಹೀರುವ ಸೋಸುಗ ಬ್ಯಾಕ್ಟೀರಿಯಾ ತಡೆಯುತ್ತದೆ, ವೈರಾಣುಗಳನ್ನು ಸಾಮಾನ್ಯವಾಗಿ ತಡೆಯುವುದಿಲ್ಲ, ಅದರಿಂದ ಅನ್ನಕ್ಕೆ ಎಸರಿಡಲೂ ಆಗುವುದಿಲ್ಲ. ಆ ದಿನಗಳಲ್ಲಿ ಎರಡು ಮನೆಯವರು ಕುಡಿದದ್ದು ಸೂರಿನಡಿ ಕೊಡವಿಟ್ಟು ಹಿಡಿದು, ಬಚ್ಚಲ ಹಂಡೆಯಲ್ಲಿ ಕುದಿಸಿದ ಮಳೆನೀರು. ಅದಕ್ಕೆ ಬೇಕಾದದ್ದು ಒಣಸೌದೆ. ಹಾಗಾಗಿ ನನ್ನ ಪಟ್ಟಿಯಲ್ಲಿ ನೀರಿನ ಸಾಧನವೆಂದರೆ ಸೌದೆಯ ಒಟ್ಟಿಲಿನ ಮೇಲೆ ಹೊದಿಸುವ ದಪ್ಪ ಟಾರ್ಪಾಲು.

ಒಬ್ಬರೇ ಹೋಗುವ ದಾರಿಗೆ

ನಾನು ವರ್ಷಕ್ಕೆ ಎರಡು ಮೂರು ಸಲ ಕಾಡಿನ ದಾರಿ ನಡೆಯುತ್ತೇನೆ, ಅಕ್ಕನ ಮಗಳು ಕೆಲಸದ ಮೇಲೆ ರಾತ್ರಿ ಬಸ್ಸಿನಲ್ಲಿ ಒಬ್ಬಳೇ ಓಡಾಡುತ್ತಾಳೆ. ನಮ್ಮಿಬ್ಬರಿಗೂ ಅಮ್ಮನ ಬಕೆಟ್ಟಿನ ಪರೀಕ್ಷೆಯೇ ದಾರಿ ತೋರಿಸಿತು. ಅಕ್ಕನ ಮಗಳ ಬ್ಯಾಗಿನಲ್ಲಿ ಖಾರದ ಸ್ಪ್ರೇ ಇತ್ತು. ತೆಗೆದು ತೋರಿಸು ಎಂದೆ. ಛತ್ರಿ, ಊಟದ ಡಬ್ಬಿ, ಚಾರ್ಜರ್ ಎಲ್ಲ ಸರಿಸಿ ಅದು ಕೈಗೆ ಬರುವಷ್ಟರಲ್ಲಿ ಇಪ್ಪತ್ತು ಎಣಿಸಿದ್ದೆ. ಮೇಲಿದ್ದ ತಯಾರಿಕೆಯ ದಿನಾಂಕ ನೋಡಿದರೆ ಅವಧಿಯೂ ಮುಗಿದಿತ್ತು. ಈಗ ಹೊಸದೊಂದು ಬ್ಯಾಗಿನ ಪಟ್ಟಿಯ ಹೊರಜೇಬಿನಲ್ಲಿ, ಬಲಗೈಗೆ ಸಿಗುವ ಕಡೆ ಇದೆ. ಬಯಲಿಗೆ ಹೋಗಿ, ಗಾಳಿಗೆ ಬೆನ್ನುಮಾಡಿ, ಹಳೆಯದನ್ನು ಒಮ್ಮೆ ಸಿಂಪಡಿಸಿಯೂ ನೋಡಿದಳು. ಅದು ಎಷ್ಟು ದೂರ ಹೋಗುತ್ತದೆ ಎಂದು ಅವಳ ಕಣ್ಣೇ ಕಂಡುಕೊಂಡಿತು.

ಅಮೆರಿಕದಲ್ಲಿರುವ ಗೆಳೆಯ ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ತಂದುಕೊಡುತ್ತೇನೆ ಎಂದಿದ್ದ. ಸಿಗ್ನಲ್ಲಿಲ್ಲದ ಆ ಮೂರು ದಿನ ನೆನೆದು ನನಗೂ ಆಸೆಯಾಯಿತು. ಆದರೆ ನಮ್ಮ ದೇಶದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಅದನ್ನು ಇಟ್ಟುಕೊಳ್ಳುವಂತಿಲ್ಲ. ತಿಳಿಯದೆ ತಂದ ವಿದೇಶಿ ಪ್ರವಾಸಿಗರನ್ನು ವಿಮಾನ ನಿಲ್ದಾಣದಲ್ಲೇ ತಡೆದ ಪ್ರಕರಣಗಳಿವೆ. ಹೊರದೇಶದ ಪಟ್ಟಿಗಳನ್ನು ನೋಡಿ ಕೊಳ್ಳುವವರು ಇದನ್ನು ತಿಳಿದಿರಲೇಬೇಕು. ಅದರ ಬದಲು ನಾನು ಮಾಡುವುದು ಹೊರಡುವ ಮುನ್ನ ಇಬ್ಬರಿಗೆ ಬರೆದುಕೊಡುವುದು: ಯಾವ ದಾರಿ, ಯಾರ ಜೊತೆ, ಎಷ್ಟು ಹೊತ್ತಿಗೆ ಇಳಿಯುತ್ತೇನೆ, ಆ ಹೊತ್ತು ದಾಟಿ ಎಷ್ಟು ಗಂಟೆಯಾದರೆ ಯಾರಿಗೆ ಫೋನು ಮಾಡಬೇಕು. ಅರಣ್ಯ ಇಲಾಖೆಯ ತನಿಖಾ ಠಾಣೆಯಲ್ಲಿ ಹೆಸರು ಬರೆಸುವುದನ್ನು ತಪ್ಪಿಸಿ ಒಳದಾರಿಯಲ್ಲಿ ನುಗ್ಗುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಆ ಪುಸ್ತಕದ ಸಾಲೊಂದೇ ಹುಡುಕುವವರಿಗೆ ಸಿಗುವ ಮೊದಲ ಸುಳಿವು.

ಗೆಳೆಯನ ಪಟ್ಟಿಯಲ್ಲಿ ಹಾವಿನ ವಿಷ ಹೀರುವ ಪಂಪು ಕೂಡ ಇತ್ತು. ಅದನ್ನು ಹೊಡೆದುಹಾಕಲು ಹೇಳಿದ್ದೇನೆ. ಅದು ವಿಷ ತೆಗೆಯುವುದಿಲ್ಲ, ಆಸ್ಪತ್ರೆಗೆ ಹೊರಡಬೇಕಾದ ಹೊತ್ತನ್ನು ತಿನ್ನುತ್ತದೆ. ಕೊಯ್ಯಬಾರದು, ಬಿಗಿದು ಕಟ್ಟಬಾರದು, ಕಚ್ಚಿಸಿಕೊಂಡವರನ್ನು ನಡೆಸಬಾರದು. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕು ಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ. ಅದು ಹತ್ತಿರದ ಯಾವ ಆಸ್ಪತ್ರೆಯಲ್ಲಿದೆ ಎಂದು ಮಳೆಗಾಲಕ್ಕೆ ಮೊದಲೇ ಕೇಳಿಟ್ಟುಕೊಳ್ಳಬೇಕು. 2024ರಿಂದ ನಮ್ಮ ರಾಜ್ಯದಲ್ಲಿ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು. ಅದರಿಂದ ಪ್ರತಿವಿಷ ಬೇಕಾದ ಕಡೆ ತಲುಪೀತು ಎಂಬ ಆಸೆ ನನ್ನದು. ಪಂಪಿನ ದುಡ್ಡಿಗೆ ಎರಡು ಜೊತೆ ಗಂಬೂಟು ಬರುತ್ತದೆ. ಅಮ್ಮನ ಅಳತೆಯದೂ ಸಿಗುತ್ತದೆ, ಅಂಗಡಿಯವರು ಮೊದಲು ಗಂಡಸರ ಅಳತೆ ತೋರಿಸುತ್ತಾರೆ, ಕೇಳಬೇಕು ಅಷ್ಟೆ. ದೊಡ್ಡ ಬೂಟಿನಲ್ಲಿ ಕೆಸರು ಹಿಡಿದರೆ ಕಾಲು ಬರುತ್ತದೆ, ಬೂಟು ಅಲ್ಲೇ ಉಳಿಯುತ್ತದೆ.

ಗೆಳೆಯ ಈಗ ಪಟ್ಟಿಯನ್ನು ಬದಿಗಿಟ್ಟು ಮುಂದಿನ ಶನಿವಾರ ಊರಿಗೆ ಹೊರಟಿದ್ದಾನೆ. ಅಪ್ಪ ಅಮ್ಮನ ಎದುರಿಗೆ ಕುಳಿತು, ದೀಪ ಆರಿಸಿ, ಬಕೆಟ್ಟು ತರಿಸುತ್ತಾನಂತೆ. ನಿನ್ನೆ ಅಮ್ಮನಿಗೆ ಇದನ್ನು ಹೇಳಿದೆ. ಅವಳಿಗೆ ಖುಷಿಯಾಯಿತು. ಆಮೇಲೆ, "ನೀನು ಬರುವಾಗ ತಲೆಗೆ ಕಟ್ಟುವುದು ಇನ್ನೊಂದು ತಾ, ಆಚೆಮನೆ ಅಜ್ಜಿಗೆ ಬೇಕಂತೆ. ಕಪ್ಪು ಪಟ್ಟಿಯದು ಬೇಡ, ಕತ್ತಲಲ್ಲಿ ಕೈಗೆ ಸಿಗುವುದಿಲ್ಲ. ಹಳದಿ ಇದ್ದರೆ ನೋಡು" ಎಂದಳು.